ಜೋಡಿ ಕೋರ್ ಸ್ವಿಚ್: ರೂಟ್ ಯಾವುದು, ಗೇಟ್‌ವೇ ಯಾವುದು? ಅನುಭವ ಇದ್ದವರು ಹೇಳಿ

ಕೇಳಿದವರು: ನಮ್ಮ ಕಾಲೇಜಿಗೆ ಎರಡು ಹೊಸ ಲೇಯರ್ 3 ಸ್ವಿಚ್ (ರೌಟಿಂಗ್ ಕೂಡ ಮಾಡುವ ಸ್ವಿಚ್) ಬಂದಿವೆ. ಕೋರ್‌ನಲ್ಲಿ, ಅಂದರೆ ನೆಟ್‌ವರ್ಕ್‌ನ ನಡುಭಾಗದಲ್ಲಿ, ಜೋಡಿಯಾಗಿ ಹಾಕಬೇಕು. ಒಂದು ನಿಂತರೂ ಇನ್ನೊಂದು ನಡೆಸಬೇಕು. ಪ್ರತಿ ಬ್ಲಾಕ್‌ನ ಆಕ್ಸೆಸ್ ಸ್ವಿಚ್‌ನಿಂದ ಎರಡಕ್ಕೂ ಒಂದೊಂದು ಫೈಬರ್ ಎಳೆದಾಗಿದೆ. ಹಾಸ್ಟೆಲ್, ಲ್ಯಾಬ್, ಆಫೀಸಿಗೆ ಬೇರೆ ಬೇರೆ ವಿಲ್ಯಾನ್ (ಅದೇ ಸ್ವಿಚ್‌ಗಳ ಮೇಲೆ ಬೇರ್ಪಡಿಸಿದ ನೆಟ್‌ವರ್ಕ್) ಇವೆ. ಎಸ್‌ಟಿಪಿ (ಲೂಪ್ ಆಗದಂತೆ ಹೆಚ್ಚುವರಿ ಲಿಂಕ್ ಬ್ಲಾಕ್ ಮಾಡುವ ವ್ಯವಸ್ಥೆ) ಡೀಫಾಲ್ಟ್‌ನಲ್ಲೇ ಬಿಡಬಹುದಾ? ಗೇಟ್‌ವೇ (ವಿಲ್ಯಾನ್‌ನಿಂದ ಹೊರಹೋಗುವ ಬಾಗಿಲು) ಒಂದು ಸ್ವಿಚ್ ನಿಂತರೆ ಇನ್ನೊಂದಕ್ಕೆ ಹೋಗುವಂತೆ ಮಾಡುವ ವಿಆರ್‌ಆರ್‌ಪಿ ಹೇಗೆ ಹಾಕಲಿ?

ಕ್ಯಾಂಪಸ್ ನೆಟ್‌ವರ್ಕ್ ನೋಡಿಕೊಳ್ಳುವವರು: ಡೀಫಾಲ್ಟ್‌ನಲ್ಲಿ ಮಾತ್ರ ಬಿಡಬೇಡಿ. ಎಲ್ಲ ಸ್ವಿಚ್‌ಗೂ ಪ್ರಯಾರಿಟಿ 32768 ಎಂದೇ ಇರುತ್ತದೆ. ಸಮ ಆದಾಗ ಯಾವುದರ ಮ್ಯಾಕ್ ವಿಳಾಸ (ಕಾರ್ಖಾನೆಯಲ್ಲೇ ಕೊಟ್ಟ ಗುರುತಿನ ಸಂಖ್ಯೆ) ಚಿಕ್ಕದೋ ಅದೇ ರೂಟ್, ಅಂದರೆ ಎಸ್‌ಟಿಪಿ ದಾರಿಗಳನ್ನೆಲ್ಲ ಲೆಕ್ಕ ಹಾಕುವುದು ಆ ಸ್ವಿಚ್‌ನಿಂದ. ಒಂದೇ ಕಂಪನಿಯ ಸ್ವಿಚ್‌ಗಳಲ್ಲಿ ಚಿಕ್ಕ ವಿಳಾಸ ಸಾಮಾನ್ಯವಾಗಿ ಹಳೆಯದಕ್ಕೇ ಇರುತ್ತದೆ. ಹಾಸ್ಟೆಲ್ ಮೆಟ್ಟಿಲ ಕೆಳಗಿರೋ ಹಳೇ ಸ್ವಿಚ್ ಇಡೀ ಕ್ಯಾಂಪಸ್ಸಿಗೆ ರೂಟ್ ಆಗಿ ಕೂರುತ್ತದೆ. ಆಗ ಎರಡು ಕೋರ್‌ಗಳ ನಡುವಿನ ಲಿಂಕೇ ಬ್ಲಾಕ್ ಆಗಬಹುದು. ದುಡ್ಡು ಹಾಕಿ ಎಳೆದ ದಪ್ಪ ಲಿಂಕ್ ಸುಮ್ನೆ ಬಿದ್ದಿರುತ್ತದೆ, ಟ್ರಾಫಿಕ್ ಎಲ್ಲ ಆ ಹಳೇ ಸ್ವಿಚ್ ಮೇಲೆ.

ಪ್ರಯಾರಿಟಿ 4096ರ ಗುಣಕದಲ್ಲೇ ಕೊಡಬೇಕು. ಕಡಿಮೆ ಸಂಖ್ಯೆ ಇರುವುದೇ ರೂಟ್. ಎರಡು ಕೋರ್‌ಗಳನ್ನು ಎ, ಬಿ ಎಂದುಕೊಳ್ಳಿ: ಎ ಸ್ವಿಚ್‌ಗೆ 4096, ಬಿ ಸ್ವಿಚ್‌ಗೆ 8192 ಕೊಡಿ. ವಿಆರ್‌ಆರ್‌ಪಿಯಲ್ಲಿ ಉಲ್ಟಾ, ದೊಡ್ಡ ಸಂಖ್ಯೆ ಇರುವುದೇ ಗೇಟ್‌ವೇ; ಅಲ್ಲಿ ಎ ಸ್ವಿಚ್‌ಗೆ 120 ಇಡಿ, ಬಿ ತನ್ನ ಡೀಫಾಲ್ಟ್ 100ರಲ್ಲೇ ಇರಲಿ. ಮುಖ್ಯವಾದದ್ದು ಇದು: ಒಂದು ವಿಲ್ಯಾನ್‌ಗೆ ರೂಟ್ ಯಾವ ಸ್ವಿಚ್ಚೋ ಗೇಟ್‌ವೇಯೂ ಅದೇ ಸ್ವಿಚ್ ಆಗಿರಬೇಕು. ರೂಟ್ ಎ, ಗೇಟ್‌ವೇ ಬಿ ಆಯಿತು ಅಂದುಕೊಳ್ಳಿ. ಪ್ರತಿ ಫ್ರೇಮ್ ಮೊದಲು ಎಗೆ ಹತ್ತಿ, ಅಲ್ಲಿಂದ ನಡುವಿನ ಲಿಂಕ್ ದಾಟಿ ಬಿಗೆ ಹೋಗಬೇಕು. ಕೆಲಸವೇನೋ ನಡೆಯುತ್ತದೆ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಲಿಂಕ್ ತುಂಬಿದಾಗಲೇ ಗೊತ್ತಾಗೋದು.

ಅರ್ಧ ವಿಲ್ಯಾನ್ ಎ ಮೇಲೆ, ಅರ್ಧ ಬಿ ಮೇಲೆ ಹಂಚಿ ಎಂದು ಬಹಳ ಜನ ಹೇಳುತ್ತಾರೆ. ಕಾಲೇಜಿಗೆ ಅದು ಬೇಡ ಅನ್ನೋದು ನನ್ನ ಅಭಿಪ್ರಾಯ. ರಾತ್ರಿ ಏನಾದರೂ ಕೆಟ್ಟರೆ ನೋಡುವವರಿಗೆ ದಾರಿ ಒಂದೇ ಇರಲಿ.

ಆಸ್ಪತ್ರೆಯೊಂದರ ಐಟಿಯವರು: ಮೇಲಿನದಕ್ಕೆ ಒಂದಿಷ್ಟು ಸೇರಿಸುತ್ತೇನೆ. ಎಲ್ಲ ಸ್ವಿಚ್‌ಗಳೂ ರ್‍ಯಾಪಿಡ್ ಮೋಡ್‌ನಲ್ಲಿ (ಎಸ್‌ಟಿಪಿಯ ವೇಗದ ರೂಪ) ಇವೆಯಾ ನೋಡಿ. ಹಳೇ 802.1ಡಿ ಎಸ್‌ಟಿಪಿ ಆದರೆ ದಾರಿ ಬದಲಾಗಲು 30ರಿಂದ 50 ಸೆಕೆಂಡ್ ಬೇಕು. ಪಿಸಿ ಪೋರ್ಟ್‌ಗಳನ್ನೆಲ್ಲ ಎಡ್ಜ್ ಪೋರ್ಟ್ (ಆಚೆ ಬೇರೆ ಸ್ವಿಚ್ ಇಲ್ಲ ಎಂದು ಗುರುತು ಮಾಡಿದ ಪೋರ್ಟ್) ಮಾಡಿ. ಇಲ್ಲದಿದ್ದರೆ ಯಾರೋ ಪಿಸಿ ಆನ್ ಮಾಡಿದಾಗಲೆಲ್ಲ ಟೋಪಾಲಜಿ (ಲಿಂಕ್‌ಗಳ ಜೋಡಣೆ) ಬದಲಾಯಿತು ಎಂದು ಸ್ವಿಚ್‌ಗಳು ಮ್ಯಾಕ್ ಟೇಬಲ್ (ಯಾವ ಮ್ಯಾಕ್ ಯಾವ ಪೋರ್ಟ್‌ನಲ್ಲಿದೆ ಎಂಬ ಪಟ್ಟಿ) ಅಳಿಸುತ್ತವೆ. ಆ ಪೋರ್ಟ್‌ಗಳ ಮೇಲೆ ಬಿಪಿಡಿಯು ಗಾರ್ಡ್ (ಎಸ್‌ಟಿಪಿ ಸಂದೇಶ ಬಂದರೆ ಪೋರ್ಟ್ ಮುಚ್ಚುವ ಕಾವಲು) ಕಡ್ಡಾಯ. ಒಂದೇ ಕೇಬಲ್ಲಿನ ಎರಡೂ ತುದಿ ಗೋಡೆಯ ಸಾಕೆಟ್‌ಗೆ ಸಿಕ್ಕಿಸುವವರು ಎಲ್ಲಾ ಕಡೆ ಇದ್ದಾರೆ. ಐಪಿ ಪ್ಯಾಕೆಟ್‌ಗೆ ಟಿಟಿಎಲ್ (ಎಷ್ಟು ರೌಟರ್ ದಾಟಬಹುದು ಎಂಬ ಮಿತಿ) ಇದೆ, ಈಥರ್ನೆಟ್ ಫ್ರೇಮ್‌ಗೆ ಇಲ್ಲ. ಲೂಪ್ ಆದರೆ ಅದು ತಾನಾಗಿ ಸಾಯುವುದಿಲ್ಲ.

ಕೋರ್‌ನಿಂದ ಬ್ಲಾಕ್‌ಗಳ ಕಡೆ ಹೋಗುವ ಪೋರ್ಟ್‌ಗಳಿಗೆ ರೂಟ್ ಗಾರ್ಡ್ (ಆ ಕಡೆಯ ಸ್ವಿಚ್ ರೂಟ್ ಆಗದಂತೆ ತಡೆಯುವ ಕಾವಲು) ಹಾಕಿ. ಎ–ಬಿ ನಡುವಿನ ಲಿಂಕ್‌ಗೆ ಮಾತ್ರ ಹಾಕಬೇಡಿ.

ಕಾರ್ಖಾನೆ ನೆಟ್‌ವರ್ಕ್‌ನವರು: ರೌಟಿಂಗ್ ಕಡೆ ಯಾರೂ ಬರಲಿಲ್ಲ, ಅದನ್ನು ನಾನು ಹೇಳುತ್ತೇನೆ. ನಾವಿದ್ದ ಒಂದು ಕಡೆ ಬಿ ಸ್ವಿಚ್‌ಗೆ ನೇರ ಸಿಕ್ಕಿಸಿದ್ದ ಸರ್ವರ್‌ಗಳ ಪೋರ್ಟ್ ದೀಪಗಳೆಲ್ಲ ಒಟ್ಟೊಟ್ಟಿಗೆ ಮಿನುಗುತ್ತಿದ್ದವು. ಲೂಪ್ ಇರಬೇಕು ಎಂದು ಎಲ್ಲರೂ ಎಸ್‌ಟಿಪಿಯನ್ನೇ ಜಾಲಾಡಿದರು. ಅದರಲ್ಲಿ ಏನೂ ದೋಷ ಇರಲಿಲ್ಲ. ಪ್ಯಾಕೆಟ್ ಹಿಡಿದು ನೋಡಿದಾಗ, ಅದೇ ವಿಲ್ಯಾನ್‌ನ ಇನ್ನೊಂದು ಮಷಿನ್‌ಗೆ ಇಳಿಯುತ್ತಿದ್ದ ದೊಡ್ಡ ಫೈಲ್ ಎಲ್ಲ ಪೋರ್ಟ್‌ಗೂ ಬರುತ್ತಿತ್ತು.

ಕಾರಣ ಹೀಗಿತ್ತು. ಹೊರಗೆ ಹೋಗುವ ಟ್ರಾಫಿಕ್ ಎ ಮೂಲಕ ಹೋಗುತ್ತಿತ್ತು. ಮೇಲಿನ ರೌಟರ್‌ಗೆ ಎ, ಬಿ ಎರಡೂ ಸಮ ದೂರ, ಹಾಗಾಗಿ ಉತ್ತರ ಬಿ ಮೂಲಕವೂ ಬರುತ್ತಿತ್ತು. ಮಷಿನ್ ಕಳಿಸುವ ಫ್ರೇಮ್‌ಗಳು ಎಗೆ ಮಾತ್ರ ಹೋಗುತ್ತವೆ, ಬಿ ಅವನ್ನು ನೋಡುವುದೇ ಇಲ್ಲ. ಮ್ಯಾಕ್ ಟೇಬಲ್ ಸಾಮಾನ್ಯವಾಗಿ 300 ಸೆಕೆಂಡಿಗೆ ಅಳಿಯುತ್ತದೆ. ಎಆರ್‌ಪಿ (ಯಾವ ಐಪಿಗೆ ಯಾವ ಮ್ಯಾಕ್ ಎಂಬ ಪಟ್ಟಿ) ಅದಕ್ಕಿಂತ ಜಾಸ್ತಿ ಹೊತ್ತು ಉಳಿಯುತ್ತದೆ, ಸಿಸ್ಕೋ ಐಒಎಸ್ ಡೀಫಾಲ್ಟ್ ತೆಗೆದುಕೊಂಡರೆ 4 ಗಂಟೆ. ಅಂದರೆ ಯಾರಿಗೆ ಕಳಿಸಬೇಕು ಎಂದು ಬಿಗೆ ಗೊತ್ತು, ಯಾವ ಪೋರ್ಟ್ ಎಂದು ಗೊತ್ತಿಲ್ಲ. ಹಾಗಾಗಿ ಎಲ್ಲಾ ಕಡೆ ಸುರಿಯುತ್ತದೆ. ಎಆರ್‌ಪಿ ಸಮಯವನ್ನು ಮ್ಯಾಕ್ ಸಮಯಕ್ಕಿಂತ ಕಡಿಮೆ ಮಾಡಿದ ಮೇಲೆ ನಿಂತಿತು. ರೌಟರ್‌ಗಳು ದಾರಿಗಳನ್ನು ಒಂದಕ್ಕೊಂದು ತಿಳಿಸುವ ಓಎಸ್‌ಪಿಎಫ್‌ನಲ್ಲಿ ಬಿ ಸ್ವಿಚ್‌ನ ಕಾಸ್ಟ್ (ದಾರಿಯ ದೂರದ ಲೆಕ್ಕ) ಜಾಸ್ತಿ ಮಾಡಿ ಉತ್ತರವನ್ನೂ ಎ ಮೂಲಕವೇ ತರಿಸಬಹುದು.

ಇನ್ನೊಂದು ವಿಷಯ. ಎ ಸ್ವಿಚ್‌ನ ಇಂಟರ್ನೆಟ್ ಕಡೆಯ ಲಿಂಕ್ ಹೋದರೆ ವಿಆರ್‌ಆರ್‌ಪಿಗೆ ತಾನಾಗಿ ಗೊತ್ತಾಗುವುದಿಲ್ಲ, ಗೇಟ್‌ವೇ ಎಯಲ್ಲೇ ಉಳಿಯುತ್ತದೆ. ಆಗ ಎ ತನಗೆ ಬಂದ ಪ್ಯಾಕೆಟ್‌ಗಳನ್ನು ಬಿಗೆ ದಾಟಿಸಲಿ ಎಂದು ಎ–ಬಿ ನಡುವೆ ರೌಟಿಂಗ್‌ಗೆಂದೇ ಒಂದು ವಿಲ್ಯಾನ್ ಇಡಿ, ಅದರ ಮೇಲೆ ಓಎಸ್‌ಪಿಎಫ್ ಓಡಿಸಿ. ಆ ವಿಲ್ಯಾನ್ ಬೇರೆ ಯಾವ ಟ್ರಂಕ್‌ಗೂ (ಹಲವು ವಿಲ್ಯಾನ್ ಹೊರುವ ಲಿಂಕ್) ಹೋಗಬಾರದು. ಬಳಕೆದಾರರ ವಿಲ್ಯಾನ್‌ಗಳಲ್ಲಿ ಓಎಸ್‌ಪಿಎಫ್ ಪ್ಯಾಸಿವ್ (ಅಲ್ಲಿ ನೆರೆ ರೌಟರ್ ಹುಡುಕದಂತೆ) ಇರಲಿ.

ಕೇಳಿದವರು: ತುಂಬಾ ಉಪಕಾರ. ಎರಡನ್ನೂ ಸ್ಟ್ಯಾಕ್ ಮಾಡಿ ಒಂದೇ ಸ್ವಿಚ್‌ನಂತೆ ನಡೆಸಿಬಿಟ್ಟರೆ ಇಷ್ಟೆಲ್ಲ ಬೇಡ ಅಲ್ವಾ? ಮತ್ತೆ, ಹಾಕಿದ ಮೇಲೆ ಪರೀಕ್ಷೆ ಮಾಡೋದು ಹೇಗೆ?

ಕ್ಯಾಂಪಸ್ ನೆಟ್‌ವರ್ಕ್ ನೋಡಿಕೊಳ್ಳುವವರು: ಸ್ಟ್ಯಾಕ್ ಮಾಡಿದರೆ ಕಾನ್ಫಿಗರೇಶನ್ ಸುಲಭ. ಆದರೆ ಎರಡಕ್ಕೂ ಒಂದೇ ಮೆದುಳು. ಫರ್ಮ್‌ವೇರ್ ಬದಲಿಸುವಾಗ ಬಹಳ ಮಾಡೆಲ್‌ಗಳಲ್ಲಿ ಎರಡೂ ಒಟ್ಟಿಗೆ ರೀಬೂಟ್ ಆಗುತ್ತವೆ. ಸ್ಟ್ಯಾಕ್ ಮಾಡಿದರೂ ಎಸ್‌ಟಿಪಿ ಆಫ್ ಮಾಡಬೇಡಿ.

ಪರೀಕ್ಷೆಗೆ ರಜೆ ದಿನ ನೋಡಿ. ಲ್ಯಾಬ್‌ನಿಂದ ಪಿಂಗ್ ಬಿಟ್ಟು ಮೊದಲು ಒಂದು ಫೈಬರ್ ಕೀಳಿ, ರ್‍ಯಾಪಿಡ್ ಮೋಡ್‌ನಲ್ಲಿ ಒಂದೆರಡು ಪಿಂಗ್ ತಪ್ಪಿದರೆ ಹೆಚ್ಚು. ಆಮೇಲೆ ಎ ಸ್ವಿಚ್‌ನ ಪವರ್ ತೆಗೆಯಿರಿ. ವಿಆರ್‌ಆರ್‌ಪಿ ಹಲೋ (‘ನಾನಿದ್ದೇನೆ’ ಎಂಬ ಸಂದೇಶದ ಅಂತರ) 1 ಸೆಕೆಂಡ್ ಇದ್ದರೆ ಬಿ ಸುಮಾರು 3.6 ಸೆಕೆಂಡಿಗೆ ಗೇಟ್‌ವೇ ಆಗುತ್ತದೆ. ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ನೀವು ಎಗೆ ವಾಪಸ್ ಪವರ್ ಕೊಟ್ಟು ಪಿಂಗ್ ನೋಡುತ್ತಾ ಇರಿ. ಎ ಎದ್ದ ಕೂಡಲೇ ಗೇಟ್‌ವೇ ಕಿತ್ತುಕೊಳ್ಳುತ್ತದೆ, ಓಎಸ್‌ಪಿಎಫ್ ಇನ್ನೂ ರೂಟ್‌ಗಳನ್ನು ಕಲಿತಿರುವುದಿಲ್ಲ, ಅಷ್ಟು ಹೊತ್ತು ಪ್ಯಾಕೆಟ್ ಎಲ್ಲ ಮಾಯ. ಗೇಟ್‌ವೇ ವಾಪಸ್ ಪಡೆಯುವ ಮುಂಚೆ ಕಾಯಿಸುವ ಪ್ರಿಎಂಪ್ಟ್ ಡಿಲೇ ಎಂಬ ಸೆಟ್ಟಿಂಗ್ ಇರುವುದು ಇದಕ್ಕೇ. ಓಎಸ್‌ಪಿಎಫ್ ನೆರೆ ಫುಲ್ ಆಗಲು (ನೆರೆ ರೌಟರ್ ಜೊತೆ ಮಾಹಿತಿ ಪೂರ್ತಿ ಹಂಚಿಕೊಳ್ಳಲು) ಎಷ್ಟು ಹೊತ್ತು ಹಿಡಿಯಿತು ಎಂದು ಲಾಗ್‌ನಲ್ಲಿ ನೋಡಿ, ಅದಕ್ಕಿಂತ ಸಾಕಷ್ಟು ಜಾಸ್ತಿ ಇಡಿ.