ಹಂಪ್ ಬಂದಾಗ ನೋವಾಯ್ತಾ?

ಇದು ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಒಂದು ಶನಿವಾರ ಬೆಳಗ್ಗೆ ನಡೆದ ಜಗಳ. ನನ್ನ ಫೋನಿನಲ್ಲಿ ಯಾರು ಹೇಗೆ ಸೇವ್ ಆಗಿದ್ದಾರೋ ಹಾಗೇ ಹಾಕಿದ್ದೇನೆ. ನಡುವೆ ಬಂದ ಶುಭೋದಯದ ಹೂವುಗಳನ್ನು ತೆಗೆದಿದ್ದೇನೆ.

ಜಯನಗರ ದೊಡ್ಡಪ್ಪ, 6:48
(ಹಲವು ಬಾರಿ ಫಾರ್ವರ್ಡ್ ಆಗಿದೆ)
ಹೊಟ್ಟೆನೋವಾ? ಆಸ್ಪತ್ರೆಗೆ ಓಡಬೇಡಿ! ಅದು ಬರೀ ಗ್ಯಾಸ್. ಬಿಸಿನೀರಿಗೆ ಒಂದು ಚಮಚ ಓಮ, ಚಿಟಿಕೆ ಇಂಗು. ಇಳಿಯದಿದ್ದರೆ ರಾತ್ರಿ ಎರಡು ಚಮಚ ಹರಳೆಣ್ಣೆ. ಬೆಳಗ್ಗೆ ನೋವು ಮಾಯ! ಅಪೆಂಡಿಕ್ಸ್ ಅಂತ ಹೆದರಿಸಿ ಕೊಯ್ಯುವವರ ಕೈಗೆ ಸಿಗಬೇಡಿ. ಎಲ್ಲರಿಗೂ ಕಳಿಸಿ.

ವಿಜಯನಗರ ಅತ್ತೆ, 6:55
ಅಮ್ಮ ಇದನ್ನೇ ಮಾಡುತ್ತಿದ್ದರು. ಒಳ್ಳೆಯ ಮಾಹಿತಿ ಅಣ್ಣ.

ನಾನು, 7:10
ದೊಡ್ಡಪ್ಪ, ಓಮದ ನೀರಿಗೆ ನನ್ನ ತಕರಾರಿಲ್ಲ. ಆ ಹರಳೆಣ್ಣೆ ಸಾಲು ಮಾತ್ರ ಬೇಡ. ನಾನು ಅದನ್ನು ಕುಡಿದು ಅನುಭವಿಸಿದವನು.

ಜಯನಗರ ದೊಡ್ಡಪ್ಪ, 7:11
ಕುಡಿದು ಏನಾಯ್ತು? ಗುಂಡುಕಲ್ಲಿನ ಹಾಗೆ ಇದ್ದೀಯಲ್ಲ.

ನಾನು, 7:24
ಹೇಳುತ್ತೇನೆ ಕೇಳಿ. ಆವತ್ತು ಬೀಗರೂಟ ಮುಗಿಸಿ ಬಂದಿದ್ದೆ. ಸಂಜೆ ಹೊಕ್ಕಳ ಸುತ್ತ ಸಣ್ಣಗೆ ನುಲಿಯೋಕೆ ಶುರುವಾಯ್ತು. ಹೋಳಿಗೆ ಜಾಸ್ತಿ ಆಯ್ತು ಅಂದುಕೊಂಡೆ. ರಾತ್ರಿ ಅನ್ನ ನೋಡಿದರೇ ಬೇಡ ಅನ್ನಿಸಿತು. ಎರಡು ಸಲ ವಾಂತಿ. ರೂಮ್‌ಮೇಟ್ ಹರಳೆಣ್ಣೆ ಕುಡಿಸಿದ. ಬೆಳಗ್ಗೆ ನೋವು ಹೊಕ್ಕಳು ಬಿಟ್ಟು ಬಲಗಡೆ ಕೆಳಗೆ ಇಳಿದು ಕೂತಿತ್ತು. ಒಂದೇ ಬೆರಳಿಟ್ಟು ತೋರಿಸಬಹುದಿತ್ತು. ಕೆಮ್ಮಿದರೆ ಚುಚ್ಚು. ಆಟೋದಲ್ಲಿ ಹೋಗುವಾಗ ಹಂಪ್ ಬಂದಾಗೆಲ್ಲ ಕಂಬಿ ಹಿಡಿದು ಸೀಟಿನಿಂದ ಮೇಲೇಳುತ್ತಿದ್ದೆ. ಆಟೋದವರೇ ಪಾಪ ಅಂತ ಸುತ್ತು ಹಾಕಿಕೊಂಡು ಕರೆದುಕೊಂಡು ಹೋದರು. ಅಷ್ಟರಲ್ಲಿ ಅಪೆಂಡಿಕ್ಸ್ ಒಡೆದಿತ್ತು. ಒಂಬತ್ತು ದಿನ ಹೊಟ್ಟೆಗೆ ಪೈಪ್ ಹಾಕಿಕೊಂಡು ಮಲಗಿದ್ದೆ.

ಜಯನಗರ ದೊಡ್ಡಪ್ಪ, 7:27
ಬೆಂಗಳೂರಿನ ಹಂಪಿಗೆ ಚೆನ್ನಾಗಿರುವವರಿಗೂ ಹೊಟ್ಟೆನೋವು ಬರುತ್ತೆ ಕಣೋ.

ವಿಜಯನಗರ ಅತ್ತೆ, 7:29
ಹಂಪಿಗೆ ಯಾರು ಹೋಗಿದ್ದು? ನಮ್ಮನ್ನು ಕರೆಯಲೇ ಇಲ್ಲ.

ಡಾಕ್ಟರ್ ಅತ್ತಿಗೆ, 7:46
ಡ್ಯೂಟಿ ಮುಗಿಸಿ ಈಗ ನೋಡಿದೆ. ಮಾವ ತಮಾಷೆಗೆ ಹೇಳಿದ್ದರಲ್ಲೂ ವಿಷಯ ಇದೆ. ಇಂಗ್ಲೆಂಡಿನ ವೈದ್ಯರು ಇದನ್ನೇ ಕೇಳಿ ನೋಡಿ 2012ರಲ್ಲಿ ಬಿಎಂಜೆ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಅಪೆಂಡಿಸೈಟಿಸ್ ಖಚಿತವಾದ 34 ಜನರಲ್ಲಿ 33 ಜನಕ್ಕೆ ಹಂಪ್ ದಾಟುವಾಗ ನೋವು ಹೆಚ್ಚಾಗಿತ್ತು. ಆದರೆ ಅಪೆಂಡಿಕ್ಸ್ ಅಲ್ಲದವರಲ್ಲೂ ಬಹಳ ಜನಕ್ಕೆ ಹಾಗೇ ಆಗಿತ್ತು. ಅಂದರೆ ನೋವಾಗದಿದ್ದರೆ ಸ್ವಲ್ಪ ಧೈರ್ಯ. ನೋವಾಯ್ತು ಅಂದ ಕೂಡಲೇ ಅಪೆಂಡಿಕ್ಸೇ ಅಂತಲ್ಲ.

ಜಯನಗರ ದೊಡ್ಡಪ್ಪ, 7:50
ನೋಡಿದೆಯಾ! ನನ್ನ ವಾಕಿಂಗ್ ಗೆಳೆಯನಿಗೆ ಬರೀ ಗ್ಯಾಸಿಗೆ ಸ್ಕ್ಯಾನ್ ಮಾಡಿ, ಎರಡು ದಿನ ಮಲಗಿಸಿ, ಬಿಲ್ ಕೈಗಿಟ್ಟರು. ಅದಕ್ಕೇನು ಹೇಳುತ್ತೀಯಮ್ಮ?

(ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂಥ ಬಿಲ್ ನಾನೂ ನೋಡಿದ್ದೇನೆ.)

ಡಾಕ್ಟರ್ ಅತ್ತಿಗೆ, 7:58
ಅದು ಆಗುತ್ತೆ ಮಾವ, ಇಲ್ಲ ಅನ್ನಲ್ಲ. ಎಲ್ಲ ಅಪೆಂಡಿಕ್ಸೂ ಅವತ್ತೇ ಕೊಯ್ಯಬೇಕು ಅಂತಲೂ ಇಲ್ಲ. 2020ರಲ್ಲಿ ಬಂದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಆ್ಯಂಟಿಬಯೋಟಿಕ್ ಕೊಟ್ಟವರ ಪೈಕಿ 10ಕ್ಕೆ ಸುಮಾರು 7 ಜನ 90 ದಿನದವರೆಗೆ ಆಪರೇಷನ್ ಇಲ್ಲದೆ ಕಳೆದರು. ಆದರೆ ಅದು ಪರೀಕ್ಷೆ ಮಾಡಿ ತೀರ್ಮಾನಿಸುವ ಮಾತು. ಭೇದಿ ಔಷಧಿ ಕೊಟ್ಟರೆ ಊದಿದ ಅಪೆಂಡಿಕ್ಸ್ ಒಡೆಯುವ ಭಯ ಇರುತ್ತೆ.

ಹಾಸನ ಚಿಕ್ಕಪ್ಪ, 8:02
ಹೊಕ್ಕಳ ಬಟ್ಟಿ ಜಾರಿರಬೇಕು. ನಮ್ಮೂರಲ್ಲಿ ಎಣ್ಣೆ ಹಚ್ಚಿ ತೀಡಿ ಕೂರಿಸುತ್ತಾರೆ.

ಡಾಕ್ಟರ್ ಅತ್ತಿಗೆ, 8:03
ದಯವಿಟ್ಟು ನೋವಿರುವ ಹೊಟ್ಟೆ ತೀಡಿಸಬೇಡಿ!!

ಯಲಹಂಕ ಅಣ್ಣ, 8:06
ನನಗೆ ಕಿಡ್ನಿ ಸ್ಟೋನ್ ಆದಾಗ ಇವನ ಹಾಗೆ ಮಲಗೋಕೇ ಆಗಲಿಲ್ಲ. ರಾತ್ರಿಯೆಲ್ಲ ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲ್‌ಗೆ. ಬೆನ್ನಿಂದ ತೊಡೆಸಂದಿಗೆ ಅಲೆ ಅಲೆಯಾಗಿ ಬರುತ್ತಿತ್ತು.

ಡಾಕ್ಟರ್ ಅತ್ತಿಗೆ, 8:15
ನಾವು ಬಾಗಿಲಲ್ಲೇ ನೋಡುವುದು ಅದನ್ನೇ. ಕಲ್ಲಿನ ನೋವಿನವರು ಕೂತಲ್ಲಿ ಕೂರಲ್ಲ. ಹೊಟ್ಟೆಯೊಳಗೆ ಸೋಂಕು ಹರಡಿದವರು ಮಂಚ ತಾಗಿದರೂ ಬೈಯುತ್ತಾರೆ. ಎಣ್ಣೆಪದಾರ್ಥ ತಿಂದ ಮೇಲೆ ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡಿದುಕೊಂಡರೆ ಪಿತ್ತಕೋಶದ ಕಲ್ಲು ಇರಬಹುದು. ಮೇಲ್ಹೊಟ್ಟೆಯಿಂದ ನೇರ ಬೆನ್ನಿಗೆ ಹೊಡೆದರೆ ಮೇದೋಜೀರಕ ಗ್ರಂಥಿ. ಹೊಟ್ಟೆ ಉಬ್ಬಿ, ವಾಂತಿ ಆಗಿ, ಗ್ಯಾಸೇ ಹೋಗದಿದ್ದರೆ ಕರುಳು ಕಟ್ಟಿರಬಹುದು. ಮುಟ್ಟು ತಪ್ಪಿದ ಹೆಂಗಸಿಗೆ ಕೆಳಹೊಟ್ಟೆ ನೋವು, ತಲೆಸುತ್ತು ಬಂದರೆ ಒಂದು ಗಂಟೆಯೂ ಕಾಯಬಾರದು. ಗರ್ಭ ನಾಳದಲ್ಲಿ ನಿಂತು ಒಡೆದಿರಬಹುದು.

ವಿಜಯನಗರ ಅತ್ತೆ, 8:18
ಹಾಗಾದರೆ ಗ್ಯಾಸ್ ಅನ್ನೋದೇ ಇಲ್ಲವೇನೇ?

ಡಾಕ್ಟರ್ ಅತ್ತಿಗೆ, 8:19
ಇದೆ ಅತ್ತೆ. ಹೆಚ್ಚಿನ ಹೊಟ್ಟೆನೋವು ತಾನೇ ಇಳಿಯುತ್ತೆ. ಇಳಿಯದೆ ಜಾಸ್ತಿ ಆಗುತ್ತಾ ಹೋದರೆ, ಜ್ವರ ಸೇರಿಕೊಂಡರೆ, ಹೊಟ್ಟೆ ಹಲಗೆ ಥರ ಬಿಗಿದರೆ, ಅದು ಗ್ಯಾಸ್ ಅಲ್ಲ.

ದೊಡ್ಡಮ್ಮ, 8:24
ಇವರು ರಾತ್ರಿ ಎರಡು ಸಲ ಈನೋ ಕುಡಿದಿದ್ದಾರೆ. ಎದೆಗುಂಡಿಗೆ ಕೆಳಗೆ ಹಿಡಿದುಕೊಳ್ಳುತ್ತೆ, ಮೆಟ್ಟಿಲು ಹತ್ತಿದರೆ ಜಾಸ್ತಿ ಅನ್ನುತ್ತಾರೆ. ಅದಕ್ಕೇ ಬೆಳಗ್ಗೆ ಎದ್ದು ಈ ಫಾರ್ವರ್ಡ್ ಹುಡುಕಿದ್ದು.

ಡಾಕ್ಟರ್ ಅತ್ತಿಗೆ, 8:24
ಮಾವ, ಈಗ ನೋವಿದೆಯಾ? ಬೆವರು?

ಜಯನಗರ ದೊಡ್ಡಪ್ಪ, 8:26
ಈಗ ಇಲ್ಲ. ಸುಮ್ನೆ ಗಾಬರಿ ಮಾಡಬೇಡಿ. ಅದು ಬೋಂಡದ ಗ್ಯಾಸ್.

ಡಾಕ್ಟರ್ ಅತ್ತಿಗೆ, 8:27
ನಿಮಗೆ ಹತ್ತು ವರ್ಷದಿಂದ ಶುಗರ್ ಇದೆ. ಹೃದಯದ ನೋವೂ ಹೀಗೆ ಮೇಲ್ಹೊಟ್ಟೆಯಲ್ಲೇ ಕಾಣಿಸಿಕೊಳ್ಳಬಹುದು. ಈಗಲೇ ಇಸಿಜಿ ಆಗಬೇಕು. ಜಯದೇವ ಹೃದಯದ ಆಸ್ಪತ್ರೆ ಹತ್ತಿರವೇ ಇದೆ ಅಲ್ವಾ? ನೀವು ಗಾಡಿ ಓಡಿಸಬೇಡಿ, ಮೆಟ್ಟಿಲು ಹತ್ತಬೇಡಿ. ನೋವು ತಿರುಗಿ ಬಂದರೆ 108ಕ್ಕೆ ಫೋನ್ ಮಾಡಿ.

ನಾನು, 8:28
ಬನಶಂಕರಿಯಿಂದ ಹೊರಟೆ. ಕಾರು ತರುತ್ತಿದ್ದೇನೆ. ಗೇಟ್ ಹತ್ತಿರ ಇರಿ.

ದೊಡ್ಡಮ್ಮ, 8:33
ಶರ್ಟ್ ಹಾಕಿಕೊಳ್ಳುತ್ತಿದ್ದಾರೆ. ನನ್ನ ಮೇಲೆ ಸಿಟ್ಟು.

ಜಯನಗರ ದೊಡ್ಡಪ್ಪ, 8:34
ಹಂಪ್ ಬಂದರೆ ನಿಧಾನ ಮಾಡೋ.