ಪ್ರಶ್ನೋತ್ತರ: ಸಿಕ್ಕಿಹಾಕಿಕೊಂಡವರ ಮನಸ್ಸು

ನಿರ್ವಾಹಕರು: ಕುಸಿತದಲ್ಲೋ ಗುಹೆಯಲ್ಲೋ ಸಿಕ್ಕಿಕೊಂಡು ರಕ್ಷಣೆಗೆ ಕಾಯುವವರ ಮನಸ್ಸಿನ ಬಗ್ಗೆ ಇವತ್ತು ಮನೋವೈದ್ಯರೊಬ್ಬರು ಉತ್ತರಿಸುತ್ತಾರೆ. ಕೇಳಿ.

ಗಿರೀಶ: ನಮಸ್ಕಾರ ಮೇಡಂ. ಒಳಗಿರುವವರು ಕೂಗುತ್ತಲೇ ಇರಬೇಕಾ?

ಡಾಕ್ಟರ್: ನಮಸ್ಕಾರ. ಬೇಡ. ಗಂಟಲು ಒಣಗುತ್ತದೆ, ದೂಳು ಒಳಗೆ ಹೋಗುತ್ತದೆ. ಪೈಪನ್ನೋ ಗೋಡೆಯನ್ನೋ ತಟ್ಟಿ, ನಿಲ್ಲಿಸಿ, ಕಿವಿಗೊಟ್ಟು ಕೇಳಿ. ಜನ ಹತ್ತಿರ ಬಂದದ್ದು ಗೊತ್ತಾದಾಗ ಕೂಗಿ.

ಸುಮಾ: ಕಟ್ಟಡ ಕುಸಿದು ನನ್ನ ತಮ್ಮ ರಾತ್ರಿಯಿಡೀ ಒಳಗಿದ್ದ. ಪಕ್ಕದಲ್ಲಿದ್ದವರು ಉಳಿಯಲಿಲ್ಲ. ಗಾಯ ವಾಸಿಯಾಗಿದೆ. ಆದರೆ ಸುಮ್ನೆ ಕೂತಿರುತ್ತಾನೆ. ಅಳುವುದಿಲ್ಲ, ಹೆದರುವುದೂ ಇಲ್ಲ. ನೀರಿನ ಲೋಟ ಎದುರಿಗಿದ್ದರೂ "ಕುಡಿ" ಅಂದರೆ ಮಾತ್ರ ಕುಡಿಯುತ್ತಾನೆ. ಎಲ್ಲರೂ ಗಟ್ಟಿ ಮನಸ್ಸು ಅನ್ನುತ್ತಿದ್ದಾರೆ.

ಡಾಕ್ಟರ್: ಸುಮಾ ಅವರೇ, ಇದು ಗಟ್ಟಿತನ ಅಲ್ಲ. ಅತ್ತಿದ್ದರೆ, ಬೆಚ್ಚಿಬಿದ್ದಿದ್ದರೆ ನನಗೆ ಇಷ್ಟು ಚಿಂತೆ ಆಗುತ್ತಿರಲಿಲ್ಲ. ಬ್ರಿಟನ್ನಿನ ಮನೋವಿಜ್ಞಾನಿ ಜಾನ್ ಲೀಚ್ ಇಂಥದ್ದರ ಹಂತಗಳನ್ನು ಗುರುತಿಸಿದ್ದಾರೆ. ಮೊದಲು ಮನುಷ್ಯ ತನ್ನೊಳಗೇ ಸರಿಯುತ್ತಾನೆ. ಆಮೇಲೆ ಏನೂ ಬೇಡ ಅನಿಸುತ್ತದೆ. ಮುಂದೆ, ಬಾಯಾರಿಕೆ ಗೊತ್ತಾದರೂ ಕೈ ತಾನಾಗಿ ಲೋಟಕ್ಕೆ ಹೋಗುವುದಿಲ್ಲ. ಅದರಾಚೆ ನೋವೂ ತಟ್ಟುವುದಿಲ್ಲ, ಕೊನೆಗೆ ಪ್ರಾಣಕ್ಕೇ ಬರಬಹುದು. ಆದರೆ ಇಲ್ಲಿಂದ ವಾಪಸ್ ಬರಲು ಆಗುತ್ತದೆ.

ತಲೆಗೆ ಪೆಟ್ಟು ಬಿದ್ದಿದ್ದರೂ, ತೀವ್ರ ಖಿನ್ನತೆಯಲ್ಲೂ ಹೀಗೇ ಕಾಣುತ್ತದೆ. ಅದಕ್ಕೇ ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅವನನ್ನು ಒಬ್ಬನನ್ನೇ ಬಿಡಬೇಡಿ. "ಕುಡಿ" ಅನ್ನುವ ಬದಲು "ಈಗ ಕುಡೀತೀಯಾ, ಸ್ನಾನ ಆದಮೇಲಾ?" ಅಂತ ಕೇಳಿ, ಕಾಯಿರಿ. ಸಣ್ಣ ತೀರ್ಮಾನವಾದರೂ ಅವನದೇ ಆಗಬೇಕು. 2018ರಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ 12 ಹುಡುಗರು, ಅವರ ಕೋಚ್ ಸಿಕ್ಕಿಕೊಂಡಿದ್ದರಲ್ಲ, ಅವರು ಕಲ್ಲು ಹಿಡಿದು ಗೋಡೆ ಕೆರೆಯುತ್ತಿದ್ದರು. ದಾರಿ ಆಗಲಿಲ್ಲ. ಆದರೆ ಕೈಗೊಂದು ಕೆಲಸ ಇತ್ತು, ಅದು ಬಹಳ ದೊಡ್ಡದು.

ಮಂಜುನಾಥ: ಫಾರ್ವರ್ಡ್ ಬಂದಿದ್ದು: "ಎಷ್ಟೇ ಹೊತ್ತಾಗಿದ್ದರೂ ಕಾಲ ಮೇಲಿನ ಭಾರ ನೀವೇ ಎತ್ತಿ ಎಳೆಯಿರಿ. ಬಾಯಾರಿದರೆ ಮೂತ್ರ ಕುಡಿಯಿರಿ. ಹೊರಬಂದ ಕೂಡಲೇ ಬ್ರಾಂದಿ ಕೊಡಿ." ಎಲ್ಲರಿಗೂ ಹಂಚಿ.

ಡಾಕ್ಟರ್: ದಯವಿಟ್ಟು ಹಂಚಬೇಡಿ. ಗಂಟೆಗಟ್ಟಲೆ ಅಪ್ಪಚ್ಚಿಯಾಗಿದ್ದ ಕಾಲನ್ನು ಒಮ್ಮೆಲೇ ಬಿಡಿಸಿದರೆ ಸತ್ತ ಸ್ನಾಯುವಿನ ಪೊಟ್ಯಾಸಿಯಂ ರಕ್ತಕ್ಕೆ ನುಗ್ಗಿ ಹೃದಯ ನಿಲ್ಲಬಹುದು. ಭಾರ ತೆಗೆಯುವ ಮುಂಚೆಯೇ ಸಲೈನ್ ಹಾಕುವುದು ಅದಕ್ಕೇ. ಮೂತ್ರದಲ್ಲಿ ಉಪ್ಪು ಇರುತ್ತದೆ, ಬಾಯಾರಿಕೆ ಜಾಸ್ತಿಯೇ ಆಗುತ್ತದೆ. ಬ್ರಾಂದಿ ಬೇಡವೇ ಬೇಡ.

ಮಂಜುನಾಥ: ಸುಮಾರು ಜನ ಮೆಚ್ಚಿದ್ದಾರೆ ಮೇಡಂ.

ಡಾಕ್ಟರ್: ಮೆಚ್ಚಿದರೆ ಹೃದಯ ಬಡಿಯುವುದಿಲ್ಲ. ಅಳಿಸಿ.

ರಜಿಯಾ: ಲಿಫ್ಟ್‌ನಲ್ಲಿ ಸಿಕ್ಕಿಕೊಂಡ ಮೇಲೆ ಅಮ್ಮ ಬಾತ್‌ರೂಮ್ ಚಿಲಕವನ್ನೂ ಹಾಕುವುದಿಲ್ಲ. ಏನು ಮಾಡಲಿ?

ವೆಂಕಟೇಶ: ಒಳಗಿರುವವರಿಗೆ "ನಾಳೆ ಬಂದುಬಿಡ್ತೀವಿ" ಅಂತ ಸುಳ್ಳು ಹೇಳುವುದೇ ಒಳ್ಳೆಯದು.

ನಾಗವೇಣಿ: ನಾಳೆ ಬರದಿದ್ದರೆ? ಆಮೇಲೆ ನಿಮ್ಮ ಯಾವ ಮಾತನ್ನು ನಂಬುತ್ತಾರೆ?

ವೆಂಕಟೇಶ: ಎರಡು ತಿಂಗಳು ಅಂದರೆ ಅಲ್ಲೇ ಎದೆ ಒಡೆದುಕೊಳ್ಳುತ್ತಾರೆ.

ನಾಗವೇಣಿ: ಚಿಲಿಯ ಗಣಿಯಲ್ಲಿ 33 ಜನ 69 ದಿನ ಇದ್ದರು. ಎದೆ ಒಡೆಯಿತಾ?

ವೆಂಕಟೇಶ: ಅಂಕಿ ಹೇಳಿದರೆ ಅನುಭವ ಬರುವುದಿಲ್ಲ ಅಮ್ಮಾ.

ನಾಗವೇಣಿ: ಅಮ್ಮಾ ಗಿಮ್ಮಾ ಬೇಡ. ಮಾತಿಗೆ ಮಾತು ಕೊಡಿ.

ಡಾಕ್ಟರ್: ಇಬ್ಬರೂ ನಿಲ್ಲಿಸಿ. 2010ರ ಆ ಗಣಿಯಲ್ಲಿ ಮೊದಲ 17 ದಿನ ಹೊರಗಿನಿಂದ ಸುಳ್ಳೂ ಇಲ್ಲ, ನಿಜವೂ ಇಲ್ಲ. ಕೆಲಸ ಹಂಚಿಕೊಂಡರು, ಮತ ಹಾಕಿ ತೀರ್ಮಾನಿಸಿದರು, ಎರಡು ದಿನಕ್ಕೊಮ್ಮೆ ಎರಡು ಚಮಚ ಮೀನು ಹಂಚಿ ತಿಂದರು. ಸಂಪರ್ಕ ಸಿಕ್ಕ ಮೇಲೆ ಗೊತ್ತಿರುವುದನ್ನು ಹೇಳಿ. ಉಳಿಸಿಕೊಳ್ಳಲಾಗದ ದಿನಾಂಕ ಕೊಡಬೇಡಿ.

ಪ್ರಕಾಶ: ಮೇಡಂ, ಕೂಗಬೇಕಾ ಬೇಡವಾ?

ಡಾಕ್ಟರ್: ಮೇಲೆ ಹೇಳಿದ್ದೇನೆ. ತಟ್ಟಿ.

ವೆಂಕಟೇಶ: ನಾನು ಹೇಳಿದ್ದು ಯಾರಿಗೂ ಅರ್ಥ ಆಗಲಿಲ್ಲ.

ನಾಗವೇಣಿ: ಚೆನ್ನಾಗಿಯೇ ಆಯಿತು.

ರಜಿಯಾ: ನನ್ನ ಪ್ರಶ್ನೆ ಯಾರಾದರೂ ನೋಡಿದಿರಾ?

ಸುಮಾ: ಆಸ್ಪತ್ರೆಗೆ ಬಂದಿದ್ದೇವೆ ಮೇಡಂ. ಸ್ಕ್ಯಾನ್ ಬರೆದಿದ್ದಾರೆ.

ಡಾಕ್ಟರ್: ಸಮಾಧಾನ ಆಯಿತು. ಒಳಗಿದ್ದಾಗ ಪ್ರಜ್ಞೆ ತಪ್ಪಿತ್ತಾ ಅಂತ ಕೇಳುತ್ತಾರೆ. ನೀವು ಮುಂದಾಗಿ ಹೇಳಬೇಡಿ. ಎಷ್ಟು ಹೊತ್ತಾದರೂ ಸರಿ, ಅವನೇ ಹೇಳಲಿ.