ಶೀಟ್ ಪೈಲ್ ಜಾಯಿಂಟ್‌ನಲ್ಲಿ ನೀರು ನಿಲ್ಲಿಸುವುದು ಹೇಗೆ? ಮಾಡಿ ಗೊತ್ತಿರುವವರು ಹೇಳಿ

ಕೇಳಿದವರು (ಸೇತುವೆ ಕೆಲಸ, ಕರಾವಳಿ)

ಅಳಿವೆಯ ಹತ್ತಿರ ಸೇತುವೆಯ ಒಂದು ಪೈಲ್ ಕ್ಯಾಪ್‌ಗೆ (ಪೈಲ್‌ಗಳ ತಲೆ ಮೇಲಿನ ಕಾಂಕ್ರೀಟ್ ಪೀಠ) ಕಾಫರ್‌ಡ್ಯಾಮ್ (ನೀರು ತಡೆದು ಒಳಗೆ ಖಾಲಿ ಮಾಡಿ ಕೆಲಸ ಮಾಡುವ ತಾತ್ಕಾಲಿಕ ಗೋಡೆ) ಆಗಬೇಕು. ಒಳಅಳತೆ ಸುಮಾರು 12×18 ಮೀಟರ್. ಉಬ್ಬರದಲ್ಲಿ ನೀರು 3.5 ಮೀಟರ್ ಆಳ. ತಳದಲ್ಲಿ 4 ಮೀಟರ್ ಮರಳು, ಅದರ ಕೆಳಗೆ ಗಟ್ಟಿ ಜೇಡಿ. ನದಿತಳದಿಂದ 2 ಮೀಟರ್ ಅಗೆಯಬೇಕು. ಶೀಟ್ ಪೈಲ್ (ಒಂದಕ್ಕೊಂದು ಪೋಣಿಸಿ ನೆಲಕ್ಕಿಳಿಸುವ ಉಕ್ಕಿನ ಹಲಗೆ) 12 ಮೀಟರ್ ಉದ್ದ, 600 ಮಿ.ಮೀ. ಅಗಲದ ಯು ಆಕಾರದ್ದು, ಬಾಡಿಗೆಗೆ ತಂದದ್ದು. ವೈಬ್ರೋ ಹ್ಯಾಮರ್ (ನಡುಗಿಸಿ ಪೈಲ್ ಇಳಿಸುವ ಯಂತ್ರ) ಇದೆ. ಜಾಯಿಂಟ್‌ಗೆ ಏನು ತುಂಬಿಸಬೇಕು? ಏನೂ ತುಂಬಿಸದೆ ಪಂಪ್ ಹಾಕಿ ಸುಧಾರಿಸಬಹುದೇ? ಮಳೆಗಾಲಕ್ಕೆ ಮೊದಲು ಮುಗಿಸಬೇಕಿದೆ.

ಪೈಲಿಂಗ್ ಫೋರ್‌ಮನ್

ಏನು ತುಂಬಿಸಬೇಕು ಅನ್ನುವುದಕ್ಕಿಂತ ಮೊದಲು ಬಾಡಿಗೆ ಪೈಲ್‌ಗಳ ಇಂಟರ್‌ಲಾಕ್ (ಅಂಚಿನ ಕೊಕ್ಕೆ) ನೋಡಿ ಸರ್. ಬಾಯಿ ಅಗಲವಾದ ಜಾಯಿಂಟ್‌ಗೆ ಯಾವ ಮಸಾಲೆ (ಸೋರಿಕೆ ತಡೆಯುವ ಮಿಶ್ರಣ) ತುಂಬಿದರೂ ನಿಲ್ಲುವುದಿಲ್ಲ. ಅದೇ ಸೆಕ್ಷನ್‌ನ ಒಳ್ಳೆಯ ಪೈಲ್‌ನಿಂದ ಒಂದಡಿ ತುಂಡು ಕತ್ತರಿಸಿ, ಅದನ್ನು ಪ್ರತಿ ಪೈಲ್‌ನ ಎರಡೂ ಇಂಟರ್‌ಲಾಕ್‌ಗಳಲ್ಲಿ ಈ ತುದಿಯಿಂದ ಆ ತುದಿಗೆ ಕೈಯಲ್ಲೇ ಜಾರಿಸಿ. ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಹಳೆ ಕಾಂಕ್ರೀಟ್ ಅಂಟಿದೆ, ಇಲ್ಲವೇ ಕೊಕ್ಕೆ ಒಳಗೆ ಬಾಗಿದೆ. ತುಂಡು ಅಡ್ಡಡ್ಡ ಎಳೆದಾಗ ಕಳಚಿ ಬಂದರೆ ಆ ಪೈಲ್ ಪಕ್ಕಕ್ಕಿಡಿ, ಗೋಡೆಗೆ ಬೇಡ. ತಲೆಭಾಗ ಹ್ಯಾಮರ್ ಏಟಿಗೆ ಅರಳಿದ್ದರೆ ಅಷ್ಟು ಕತ್ತರಿಸಿ ತೆಗೆಯಿರಿ. ಎರಡು ಕಂಪನಿಯ ಪೈಲ್ ಬೆರೆಸಬೇಡಿ. ಹೊರಗಿನಿಂದ ಒಂದೇ ಥರ ಕಂಡರೂ ಕೊಕ್ಕೆಗಳು ಒಂದರೊಳಗೊಂದು ಸರಿಯಾಗಿ ಕೂರುವುದಿಲ್ಲ. ಕೋಲ್ಡ್ ಫಾರ್ಮ್ಡ್ ಪೈಲ್ ಕೊಟ್ಟಿದ್ದಾರೋ ಕೇಳಿ. ತಗಡು ಬಗ್ಗಿಸಿ ಮಾಡಿದ ಕೊಕ್ಕೆ ಹಾಟ್ ರೋಲ್ಡ್ (ಕಾಯಿಸಿ ರೋಲರ್‌ನಲ್ಲಿ ರೂಪಿಸಿದ) ಕೊಕ್ಕೆಗಿಂತ ಸಡಿಲ, ಸೋರಿಕೆಯೂ ಜಾಸ್ತಿ.

ಇನ್ನೊಂದು ಮುಖ್ಯ ವಿಷಯ ದಿಕ್ಕು. ಗೋಡೆ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತದೆ ಅಂತ ಮಸಾಲೆ ಹಾಕುವ ಮೊದಲೇ ತೀರ್ಮಾನ ಆಗಿರಬೇಕು. ಮಸಾಲೆ ಇರಬೇಕಾದ್ದು ಹೊಸ ಪೈಲ್‌ನ ಹಿಂದಿನ ಇಂಟರ್‌ಲಾಕ್‌ನಲ್ಲಿ, ಅಂದರೆ ಈಗಾಗಲೇ ಇಳಿಸಿದ ಪೈಲ್‌ಗೆ ಪೋಣಿಸುವ ಬದಿಯಲ್ಲಿ. ಮುಂದಿನ ಬದಿಗೆ ಹಾಕಿದರೆ ಅದು ಜೋಡಿ ಸಿಗದೆ ಮರಳಲ್ಲಿ, ನೀರಲ್ಲಿ ಕಾಯುತ್ತಾ ಕೂರುತ್ತದೆ. ಮರಳು ಉಜ್ಜಿ ತೆಗೆಯುತ್ತದೆ, ಉಬ್ಬುವ ಜಾತಿಯದಾದರೆ ಜೋಡಿ ಬರುವ ಮೊದಲೇ ಉಬ್ಬಿ ದಾರಿ ಮುಚ್ಚುತ್ತದೆ.

ಖಾಲಿ ಇರುವ ಆ ಮುಂದಿನ ಇಂಟರ್‌ಲಾಕ್‌ನ ಬುಡಕ್ಕೆ ಒಂದು ಬೋಲ್ಟ್ ತೂರಿಸಿ ಸಣ್ಣ ಟ್ಯಾಕ್ (ಚುಕ್ಕಿ ವೆಲ್ಡ್) ಹಾಕಿ. ಇಳಿಯುವಾಗ ಒಳಗೆ ಮರಳು ತುಂಬಿಕೊಳ್ಳದಂತೆ ತಡೆಯುತ್ತದೆ, ಮುಂದಿನ ಪೈಲ್‌ನ ಬುಡ ಬಂದು ತಾಗಿದಾಗ ತಾನೇ ಕಳಚಿ ಹೋಗುತ್ತದೆ. ಟ್ಯಾಕ್ ದಪ್ಪ ಮಾಡಿದರೆ ಕಳಚುವುದಿಲ್ಲ, ಪೈಲ್ ಅಲ್ಲೇ ನಿಂತುಬಿಡುತ್ತದೆ.

ಗೈಡ್ ಫ್ರೇಮ್ (ಪೈಲ್‌ಗಳನ್ನು ನೆಟ್ಟಗೆ ಹಿಡಿಯುವ ಚೌಕಟ್ಟು) ಎರಡು ಮಟ್ಟದಲ್ಲಿ ಬೇಕೇ ಬೇಕು. ಒಂದೊಂದೇ ಪೈಲ್ ಪೂರ್ತಿ ಆಳಕ್ಕೆ ಇಳಿಸುತ್ತಾ ಹೋದರೆ ಸಾಲು ಮುಂದಕ್ಕೆ ವಾಲುತ್ತದೆ, ಯಾಕೆಂದರೆ ಒಂದು ಬದಿಗೆ ಮಾತ್ರ ಇಂಟರ್‌ಲಾಕ್‌ನ ತಿಕ್ಕಾಟ ಇರುತ್ತದೆ. ವಾಲಿದ ಪೈಲ್‌ನ ಜಾಯಿಂಟ್ ಕೆಳಗೆ ಬಿಗಿಯಾಗಿ, ಕೊನೆಗೆ ಕಳಚಿಕೊಳ್ಳುತ್ತದೆ. ಎಂಟು ಹತ್ತು ಪೈಲ್ ಒಟ್ಟಿಗೆ ಪೋಣಿಸಿ ನಿಲ್ಲಿಸಿ, ಹಂತ ಹಂತವಾಗಿ ಇಳಿಸಿ.

ವಿನ್ಯಾಸ ಎಂಜಿನಿಯರ್

ಪಂಪ್ ಹಾಕಿ ಸುಧಾರಿಸಬಹುದೇ ಅನ್ನುವುದಕ್ಕೆ ಲೆಕ್ಕ ಇದೆ. ಯುರೋಪಿನ ಇಎನ್ 12063 ಮಾನದಂಡದಲ್ಲಿ (ಶೀಟ್ ಪೈಲ್ ಗೋಡೆಯದ್ದು) ಜಾಯಿಂಟ್ ಸೋರಿಕೆಗೆ ಒಂದು ಸರಳ ಸೂತ್ರ ಸಿಗುತ್ತದೆ. ಒಂದು ಜಾಯಿಂಟ್‌ನಿಂದ ಬರುವ ನೀರು = ರೋ × H × (H/2 + h). ಇಲ್ಲಿ H ಹೊರಗಿನ ನೀರಿನ ಮಟ್ಟದಿಂದ ಅಗೆತದ ತಳದವರೆಗಿನ ಎತ್ತರ, h ಅಲ್ಲಿಂದ ನೀರು ಬಿಡದ ಪದರದವರೆಗಿನ ಆಳ. ರೋ ಅಂದರೆ ಆ ಜಾಯಿಂಟ್ ಎಷ್ಟು ನೀರು ಬಿಡುತ್ತದೆ ಎಂಬ ಗುಣಾಂಕ. ಅದನ್ನು ಮಸಾಲೆ ಮಾರುವವರು ಪರೀಕ್ಷೆ ಮಾಡಿಸಿ ಕೊಡಬೇಕು, ಯಾವ ಒತ್ತಡದಲ್ಲಿ ಪರೀಕ್ಷೆ ಆಯಿತು ಎನ್ನುವುದರ ಸಮೇತ.

ನಿಮ್ಮಲ್ಲಿ H 5.5, h 2. ಮಸಾಲೆ ತುಂಬಿದ ಜಾಯಿಂಟ್‌ಗೆ ರೋ ಸೆಕೆಂಡಿಗೆ 6×10⁻⁸ ಮೀಟರ್ ಎಂದು ಹಿಡಿದರೆ ಒಂದು ಜಾಯಿಂಟ್‌ನಿಂದ ಗಂಟೆಗೆ 5.6 ಲೀಟರ್. ಸುತ್ತಳತೆ 60 ಮೀಟರ್, ಅಂದರೆ ಸುಮಾರು 100 ಜಾಯಿಂಟ್. ಒಟ್ಟು ಗಂಟೆಗೆ 560 ಲೀಟರ್ ಆಸುಪಾಸು. ಸಣ್ಣ ಪಂಪ್ ಸಾಕು.

ಈಗ ಇನ್ನೊಂದು ಲೆಕ್ಕ ನೋಡಿ. ನೀರೊಳಗೆ ಒಂದೇ ಒಂದು ಜಾಯಿಂಟ್ ಕಳಚಿ, ಒಂದು ಮೀಟರ್ ಉದ್ದಕ್ಕೆ 10 ಮಿ.ಮೀ. ಬಾಯಿ ಬಿಟ್ಟರೆ, ನೀರಿನ ಮಟ್ಟದ ವ್ಯತ್ಯಾಸ 3 ಮೀಟರ್ ಇದ್ದರೂ ಸೆಕೆಂಡಿಗೆ 46 ಲೀಟರ್ ನುಗ್ಗುತ್ತದೆ. ಗಂಟೆಗೆ 160 ಘನ ಮೀಟರ್‌ಗೂ ಹೆಚ್ಚು! ತೊಂಬತ್ತೊಂಬತ್ತು ಜಾಯಿಂಟ್‌ಗೆ ದುಬಾರಿ ಮಸಾಲೆ ಹಾಕಿ ಒಂದು ಕಳಚಿದರೆ ಎಲ್ಲ ವ್ಯರ್ಥ. ಹಾಗಾಗಿ ದುಡ್ಡು ಮೊದಲು ಗೈಡ್ ಫ್ರೇಮ್‌ಗೆ, ಆಮೇಲೆ ಮಸಾಲೆಗೆ. ಇಂಟರ್‌ಲಾಕ್ ಬುಡದಲ್ಲಿ ಕಳಚಿತೋ ಇಲ್ಲವೋ ಗೊತ್ತಾಗಲು ಸ್ಪ್ರಿಂಗ್ ಪಿನ್‌ನ ಸೂಚಕಗಳು ಸಿಗುತ್ತವೆ. ಗೋಡೆಯ ನಾಲ್ಕು ಮೂಲೆ ಮತ್ತು ಕೊನೆಗೆ ಕೂಡಿಸುವ ಪೈಲ್‌ಗಳಿಗಾದರೂ ಹಾಕಿಸಿ.

ಪೈಲ್ ಬುಡ ಜೇಡಿಯೊಳಗೆ ಹೋಗಲೇಬೇಕು. ಮರಳಲ್ಲೇ ನಿಂತರೆ ನೀರು ಅಡಿಯಿಂದ ಸುತ್ತಿ ಬರುತ್ತದೆ, ಅಗೆತದ ತಳ ಕುದಿಯುತ್ತದೆ, ಅಂದರೆ ಮರಳು ನೀರಿನ ಜೊತೆ ಮೇಲೆ ಉಕ್ಕುತ್ತದೆ. ಅದನ್ನು ಜಾಯಿಂಟ್ ಸೋರಿಕೆ ಅಂತ ತಪ್ಪು ತಿಳಿದು ಗೋಡೆಗೆ ತೇಪೆ ಹಾಕುತ್ತಾ ಕೂತರೆ ಅಪಾಯ. ಬರುವ ನೀರು ತಿಳಿಯಾಗಿದೆಯೋ, ಮರಳು ತರುತ್ತಿದೆಯೋ ಎನ್ನುವುದನ್ನು ಪಾಳಿಗೊಮ್ಮೆ ಬಕೆಟ್‌ನಲ್ಲಿ ಹಿಡಿದು ನೋಡಬೇಕು. ಮರಳು ಬಂದರೆ ಪಂಪ್ ನಿಲ್ಲಿಸಿ, ಒಳಗೆ ನೀರು ಏರಲು ಬಿಡಿ.

ಸೈಟ್ ಎಂಜಿನಿಯರ್, ಬಂದರು ಕೆಲಸ

ಮಸಾಲೆಯಲ್ಲಿ ಮುಖ್ಯವಾಗಿ ಎರಡು ಜಾತಿ. ಬಿಸಿ ಮಾಡಿ ಸುರಿಯುವ ಬಿಟುಮೆನ್ ಅಥವಾ ಮೇಣದ ಮಿಶ್ರಣ ಒಂದು. ನೀರು ತಾಗಿದರೆ ಉಬ್ಬುವ ಪಾಲಿಯುರೆಥೇನ್ ಇನ್ನೊಂದು. ತಾತ್ಕಾಲಿಕ ಕಾಫರ್‌ಡ್ಯಾಮ್‌ಗೆ, ಅದೂ ಪೈಲ್ ವಾಪಸ್ ಕೊಡಬೇಕಾದಲ್ಲಿ, ನನ್ನ ಮತ ಮೊದಲನೆಯದಕ್ಕೆ. ಹಳೇ ಕಾಲದ ಕಲ್ಲಿದ್ದಲು ಟಾರು ಮಾತ್ರ ಬೇಡ. ಅದು ವಿಷ, ಕೆಳಗೆ ಮೀನು, ಮರುವಾಯಿ (ಚಿಪ್ಪುಜೀವಿ) ಇರುವ ನೀರು.

ಸುರಿಯುವ ಕ್ರಮ: ಪೈಲ್‌ಗಳನ್ನು ಮಟ್ಟವಾದ ಮರದ ದಿಮ್ಮಿಗಳ ಮೇಲೆ, ತುಂಬಬೇಕಾದ ಇಂಟರ್‌ಲಾಕ್‌ನ ಬಾಯಿ ಮೇಲೆ ಬರುವಂತೆ ಮಲಗಿಸಿ. ಇಳಿಜಾರಿದ್ದರೆ ಒಂದು ತುದಿ ತುಂಬಿ ಇನ್ನೊಂದು ಖಾಲಿ ಉಳಿಯುತ್ತದೆ. ತಂತಿ ಬ್ರಶ್‌ನಲ್ಲಿ ತುಕ್ಕಿನ ಹಕ್ಕಳೆ ತೆಗೆದು, ಗಾಳಿ ಹೊಡೆದು, ಪೂರ್ತಿ ಒಣಗಿಸಿ. ಒದ್ದೆ ಕಬ್ಬಿಣಕ್ಕೆ ಬಿಸಿ ಬಿಟುಮೆನ್ ಹಿಡಿಯುವುದಿಲ್ಲ, ಮೇಲಾಗಿ ನೊರೆಯೆದ್ದು ಮುಖಕ್ಕೆ ಸಿಡಿಯುತ್ತದೆ. ಮುಖಕವಚ, ತೋಳುದ್ದದ ಕೈಗವಸು ಇಲ್ಲದವರನ್ನು ಹತ್ತಿರ ಬಿಡಬೇಡಿ. ಎರಡು ತುದಿಗೂ ಜೇಡಿಮಣ್ಣಿನ ಬಿರಡೆ ಇಡಿ. ಪಾತ್ರೆಯಲ್ಲಿ ತಾಪಮಾಪಕ ಇರಲಿ, ತಯಾರಕರು ಬರೆದ ಮಿತಿ ದಾಟಿಸಬೇಡಿ. ಹೆಚ್ಚು ಕಾಯ್ದ ಬಿಟುಮೆನ್ ಆಮೇಲೆ ಸೀಳುತ್ತದೆ. ಎಷ್ಟು ಬೇಕು ಅನ್ನುವುದು ಕೊಕ್ಕೆಯೊಳಗಿನ ಜಾಗದ ಮೇಲೆ. 3 ಚದರ ಸೆಂ.ಮೀ. ಇದ್ದರೆ ಮೀಟರ್‌ಗೆ 0.3 ಲೀಟರ್, ನಿಮ್ಮ 12 ಮೀಟರ್ ಪೈಲ್‌ಗೆ 3.6 ಲೀಟರ್. ಒಂದು ಮೀಟರ್ ಸುರಿದು ಅಳೆದು ಆಮೇಲೆ ತರಿಸಿ.

ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ತುಂಬಿಟ್ಟ ಪೈಲ್ ಓರೆಯಾಗಿ ಒರಗಿಸಿದರೆ ಬಿಟುಮೆನ್ ಇಳಿದು ಬುಡ ಸೇರುತ್ತದೆ. ಮಲಗಿಸಿಯೇ ಇಡಿ, ಮೇಲೆ ತೆಂಗಿನ ಮಡಲು ಮುಚ್ಚಿದರೂ ಆದೀತು.

ಕೇಳಿದವರು

ಉಬ್ಬುವ ಮಸಾಲೆಯೇ ಹೆಚ್ಚು ಬಿಗಿ ಎಂದು ಸಪ್ಲೈಯರ್ ಹೇಳುತ್ತಿದ್ದಾರೆ. ವೈಬ್ರೋದಲ್ಲಿ ಇಳಿಸಿದರೆ ಎರಡರಲ್ಲಿ ಯಾವುದು ತಡೆಯುತ್ತದೆ?

ಪೈಲಿಂಗ್ ಫೋರ್‌ಮನ್

ಎರಡಕ್ಕೂ ಬಿಸಿಯೇ ಶತ್ರು. ಪೈಲ್ ಸರಾಗ ಇಳಿಯುತ್ತಿದ್ದರೆ ತೊಂದರೆ ಇಲ್ಲ. ಇಳಿಯದೆ ಒಂದೇ ಕಡೆ ನಡುಗುತ್ತಾ ನಿಂತರೆ ಇಂಟರ್‌ಲಾಕ್ ಕಾದು ಹೊಗೆ ಬರುತ್ತದೆ. ಬಿಟುಮೆನ್ ಕರಗಿ ಹರಿಯುತ್ತದೆ, ಪಾಲಿಯುರೆಥೇನ್ ಸುಟ್ಟು ಕಿತ್ತು ಬರುತ್ತದೆ. ನಿಮಿಷಕ್ಕೆ ಅರ್ಧ ಮೀಟರ್‌ಗಿಂತ ನಿಧಾನವಾದರೆ ವೈಬ್ರೋ ನಿಲ್ಲಿಸುವುದು ರೂಢಿ. ನಿಮಗೆ ಮರಳಲ್ಲಿ ವೈಬ್ರೋ ಚೆನ್ನಾಗಿ ಹೋಗುತ್ತದೆ, ಗಟ್ಟಿ ಜೇಡಿಯಲ್ಲಿ ಹೋಗುವುದಿಲ್ಲ. ಕೊನೆಯ ಕೆಲವು ಮೀಟರ್‌ಗೆ ಇಂಪ್ಯಾಕ್ಟ್ ಹ್ಯಾಮರ್ (ಏಟು ಹಾಕಿ ಇಳಿಸುವುದು) ತರಿಸಿಡಿ. ಮೇಲಿನಿಂದ ಜಾಯಿಂಟ್‌ಗೆ ನೀರು ಬಿಡುತ್ತಾ ತಣಿಸುವುದು ಬಿಟುಮೆನ್‌ಗೆ ಸರಿ.

ಸೈಟ್ ಎಂಜಿನಿಯರ್, ಬಂದರು ಕೆಲಸ

ಉಬ್ಬುವ ಮಸಾಲೆ ಹೆಚ್ಚು ಬಿಗಿ ಎನ್ನುವುದು ನಿಜ. ಆದರೆ ಅದರ ಗಡಿಯಾರ ನೀರು ತಾಗಿದ ಕ್ಷಣಕ್ಕೆ ಶುರುವಾಗುತ್ತದೆ. ಪೋಣಿಸಿದ ಪೈಲ್ ನೀರಲ್ಲಿ ನಿಂತು ರಾತ್ರಿ ಕಳೆದರೆ ಬೆಳಿಗ್ಗೆ ಜಗ್ಗುವುದಿಲ್ಲ. ಹಾಗಾಗಿ ಮೊದಲೇ ಪೋಣಿಸಿ ನಿಲ್ಲಿಸಿ ಹಂತ ಹಂತವಾಗಿ ಇಳಿಸುವ ಕ್ರಮಕ್ಕೂ ಅದಕ್ಕೂ ಹೊಂದಿಕೆ ಕಷ್ಟ. ಯಾರ್ಡ್‌ನಲ್ಲಿ ಮಳೆ ತಾಗಿದರೂ ಉಬ್ಬುತ್ತದೆ. ನಿಮ್ಮ ಕೆಲಸಕ್ಕೆ ಬೇಡ.

ವೆಲ್ಡಿಂಗ್ ಇನ್‌ಸ್ಪೆಕ್ಟರ್

ಒಂದು ಮಾತು ಯಾರೂ ಹೇಳಲಿಲ್ಲ. ಎರಡೆರಡು ಪೈಲ್‌ಗಳನ್ನು ಯಾರ್ಡ್‌ನಲ್ಲೇ ಪೋಣಿಸಿ, ಮಧ್ಯದ ಜಾಯಿಂಟ್ ಉದ್ದಕ್ಕೂ ವೆಲ್ಡ್ ಮಾಡಿ ಜೋಡಿಯಾಗಿ ಇಳಿಸಿದರೆ ಮಸಾಲೆ ಬೇಕಾದ ಜಾಯಿಂಟ್ 100ರಿಂದ 50ಕ್ಕೆ ಇಳಿಯುತ್ತದೆ. ಉಳಿದ ಯಾವ ಉಪಾಯಕ್ಕಿಂತಲೂ ಇದು ಖಚಿತ. ಬಾಡಿಗೆ ಪೈಲ್ ಆದ್ದರಿಂದ ಮಾಲೀಕರ ಒಪ್ಪಿಗೆ ಬೇಕು, ಕ್ರೇನ್ ಎರಡು ಪೈಲ್‌ನ ಭಾರ ಎತ್ತಬೇಕು.

ಒಂದೇ ಬದಿಯಿಂದ ಉದ್ದಕ್ಕೂ ಎಳೆದುಕೊಂಡು ಹೋದರೆ ಜೋಡಿ ಬಿಲ್ಲಿನಂತೆ ಬಾಗುತ್ತದೆ. ಮೊದಲು ಅರ್ಧ ಮೀಟರ್‌ಗೊಂದು ಟ್ಯಾಕ್, ಆಮೇಲೆ ಮಧ್ಯದಿಂದ ಎರಡೂ ತುದಿಗೆ ತುಂಡು ತುಂಡಾಗಿ ಹಿಂದೆ ಮುಂದೆ ಬೆಸೆಯಿರಿ. ವೆಲ್ಡಿಂಗ್‌ಗೆ ಇ7018 ಜಾತಿಯ ರಾಡ್, ಓವನ್‌ನಲ್ಲಿ ಒಣಗಿಸಿದ್ದು. ಮೊದಲು ವೆಲ್ಡ್, ಆಮೇಲೆ ಮಸಾಲೆ. ಬಿಟುಮೆನ್ ತಾಗಿದ ಜಾಗದಲ್ಲಿ ವೆಲ್ಡ್ ಮಾಡಿದರೆ ತೂತು ತೂತಾಗುತ್ತದೆ, ಹೊಗೆ ಬೇರೆ.

ಕೇಳಿದವರು

ಜೋಡಿ ವೆಲ್ಡ್ ಒಪ್ಪಿಗೆ ಕೇಳುತ್ತೇನೆ. ಇಷ್ಟೆಲ್ಲ ಮಾಡಿಯೂ ನೀರು ಖಾಲಿ ಮಾಡಿದ ಮೇಲೆ ಸೋರಿದರೆ?

ಸೈಟ್ ಎಂಜಿನಿಯರ್, ಬಂದರು ಕೆಲಸ

ಸೋರಿಯೇ ಸೋರುತ್ತದೆ, ತಯಾರಿರಿ. ನೀರನ್ನು ಒಮ್ಮೆಲೇ ಖಾಲಿ ಮಾಡಬೇಡಿ. ಅರ್ಧ ಮೀಟರ್ ಇಳಿಸಿ, ಸುತ್ತಲೂ ನೋಡಿ, ಸೋರುವ ಜಾಯಿಂಟ್‌ಗೆ ಬಣ್ಣದಲ್ಲಿ ನಂಬರ್ ಬರೆದು, ಆಮೇಲೆ ಮುಂದಕ್ಕೆ. ವೇಲರ್ (ಗೋಡೆಯ ಒಳಗೆ ಸುತ್ತಲೂ ಇರುವ ಅಡ್ಡ ತೊಲೆ) ಮತ್ತು ಸ್ಟ್ರಟ್ (ಎದುರು ಗೋಡೆಗಳ ನಡುವಿನ ಆನಿಕೆ ತೊಲೆ) ಬಿಗಿಯಾದ ಮೇಲೆ ಗೋಡೆ ಒತ್ತಿಕೊಂಡು ಕೆಲವು ಜಾಯಿಂಟ್ ತಾವೇ ಮುಚ್ಚುತ್ತವೆ.

ತೆಳ್ಳಗೆ ಒಸರುವುದಕ್ಕೆ ಹೊರಗಿನಿಂದ ಮರದ ಹೊಟ್ಟು ಮತ್ತು ನುಣುಪು ಬೂದಿ. ನೀರೇ ಅದನ್ನು ಬಿರುಕಿಗೆ ಎಳೆದುಕೊಳ್ಳುತ್ತದೆ. ಮೇಲಿನಿಂದ ಎರಚಿದರೆ ಹರಿವಿಗೆ ಕೊಚ್ಚಿ ಹೋಗುತ್ತದೆ. ತೂತಿನ ಗೋಣಿಯಲ್ಲಿ ಕಟ್ಟಿ ಕಂಬಿಯ ತುದಿಗೆ ಸಿಕ್ಕಿಸಿ ಸೋರುವ ಆಳಕ್ಕೇ ಇಳಿಸಿ ಅಲ್ಲಾಡಿಸಿ. ಪಂಪ್ ನಡೆಯುತ್ತಿರಬೇಕು. ಪಂಪ್ ನಿಂತು ಒಳಗೆ ನೀರು ಏರಿ, ಹೊರಗೆ ಇಳಿತ ಬಂದರೆ ನೀರು ಒಳಗಿನಿಂದ ಹೊರಗೆ ತಳ್ಳಿ ತುಂಬಿದ್ದೆಲ್ಲ ಉದುರುತ್ತದೆ. ಅದಕ್ಕೇ ಎರಡನೇ ಪಂಪ್ ಮತ್ತು ಜನರೇಟರ್ ಸದಾ ಸಿದ್ಧ ಇರಲಿ. ನದಿಗೆ ಬೂದಿ ಹಾಕಲು ಸಂಬಂಧಪಟ್ಟವರ ಅನುಮತಿ ಕೇಳಿಕೊಳ್ಳಿ.

ಒಳಗಿನಿಂದ ಬೆರಳು ದಪ್ಪದ ಸೋರಿಕೆಗೆ ಗ್ರೀಸ್ ಹಚ್ಚಿದ ಸೆಣಬಿನ ಹುರಿ, ಉಳಿಯಿಂದ ಕುಟ್ಟಿ, ಮೇಲೆ ಮರದ ಬೆಣೆ. ಸೋರಿಕೆಗಿಂತ ಮೇಲಿನಿಂದ ಶುರುಮಾಡಿ ಕೆಳಕ್ಕೆ ಬನ್ನಿ.

ಪಂಪ್ ನಡೆಯುವಾಗ ಹೊರಗೆ ಮುಳುಗುಗಾರರನ್ನು ಇಳಿಸಲೇಬೇಡಿ. ಕಳಚಿದ ಜಾಯಿಂಟ್‌ಗೆ ನೀರು ಎಳೆಯುವ ಬಲಕ್ಕೆ ಕೈಯೋ ಕಾಲೋ ಸಿಕ್ಕಿದರೆ ಬಿಡಿಸಿಕೊಳ್ಳಲು ಆಗುವುದಿಲ್ಲ, ಜೀವ ಹೋಗುತ್ತದೆ. ಒಳಗೂ ಹೊರಗೂ ನೀರು ಒಂದೇ ಮಟ್ಟಕ್ಕೆ ತಂದ ಮೇಲೆಯೇ ಇಳಿಯಬೇಕು.

ಇನ್ನೊಬ್ಬರ ಪ್ರಶ್ನೆ (ಜಾಕ್‌ವೆಲ್, ಅಂದರೆ ನೀರೆತ್ತುವ ಬಾವಿಯ ಕೆಲಸ)

ನಮ್ಮಲ್ಲಿ ಶೀಟ್ ಪೈಲ್ ಗೋಡೆ ಶಾಶ್ವತವಾಗಿ ಉಳಿಯುತ್ತದೆ, ತಳಕ್ಕೆ ಕಾಂಕ್ರೀಟ್ ಸ್ಲ್ಯಾಬ್. ಇದೇ ವಿಧಾನ ಸಾಕೇ?

ವೆಲ್ಡಿಂಗ್ ಇನ್‌ಸ್ಪೆಕ್ಟರ್

ಸಾಲದು. ಹೊಟ್ಟು, ಸೆಣಬು ಕೊಳೆಯುತ್ತವೆ. ಶಾಶ್ವತ ಗೋಡೆಗೆ ಕಾಣುವ ಜಾಯಿಂಟ್ ಪೂರ್ತಿ ವೆಲ್ಡ್ ಆಗಬೇಕು, ಕಾಣದ ಕೆಳಭಾಗಕ್ಕೆ ಇಳಿಸುವ ಮೊದಲೇ ಮಸಾಲೆ. ಸೋರುವ ಜಾಯಿಂಟ್ ಮೇಲೆ ನೇರ ವೆಲ್ಡ್ ನಿಲ್ಲುವುದಿಲ್ಲ. ಚಪ್ಪಟೆ ಪಟ್ಟಿಯೊಂದನ್ನು ಜಾಯಿಂಟ್ ಮುಚ್ಚುವಂತೆ ಅದರ ಉದ್ದಕ್ಕೂ ಇಟ್ಟು, ಅದರ ಕೆಳತುದಿಗೆ ವಾಲ್ವ್ ಇರುವ ಸಣ್ಣ ಪೈಪ್ ಕೂರಿಸಿ. ನೀರು ಪೈಪ್‌ನಲ್ಲಿ ಹರಿದು ಹೋಗುತ್ತಿರುವಾಗ ಪಟ್ಟಿಯ ಎರಡೂ ಅಂಚು ಒಣ ಕಬ್ಬಿಣಕ್ಕೆ ಬೆಸೆಯಿರಿ. ಎಲ್ಲ ಮುಗಿದ ಮೇಲೆ ವಾಲ್ವ್ ಮುಚ್ಚಿ, ಪೈಪ್ ಕತ್ತರಿಸಿ, ಬಿರಡೆ ಬೆಸೆಯಿರಿ. ಒದ್ದೆ ಜಾಗದಲ್ಲಿ ಕೆಲಸ: ಡಿಸಿ ಮೆಷಿನ್, ಒಣ ಕೈಗವಸು, ಪಂಪ್‌ನ ಕೇಬಲ್‌ಗೆ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇರಲೇಬೇಕು.

ವಿನ್ಯಾಸ ಎಂಜಿನಿಯರ್

ಜಾಕ್‌ವೆಲ್‌ನವರು ಸ್ಲ್ಯಾಬ್ ಕೂಡುವ ಜಾಗ ಮರೆಯುತ್ತಾರೆ. ಗೋಡೆಗೂ ಕಾಂಕ್ರೀಟ್‌ಗೂ ನಡುವೆ ಉಬ್ಬುವ ಪಟ್ಟಿ ಅಂಟಿಸುತ್ತಾರೆ, ಆದರೆ ಇಂಟರ್‌ಲಾಕ್‌ನೊಳಗಿನ ಟೊಳ್ಳು ಹಾಗೇ ಇರುತ್ತದೆ. ಅಡಿಯ ನೀರು ಆ ಟೊಳ್ಳಿನಲ್ಲಿ ಏರಿ ಸ್ಲ್ಯಾಬ್ ಮೇಲೆ ಕಾಣಿಸಿಕೊಳ್ಳುತ್ತದೆ. ಪಿಸಿಸಿ (ಸ್ಲ್ಯಾಬ್ ಅಡಿಯ ಕಂಬಿಯಿಲ್ಲದ ಕಾಂಕ್ರೀಟ್) ಹಾಕುವ ಮೊದಲು ಗೋಡೆಯ ಬುಡದಲ್ಲಿ ಸಣ್ಣ ಚರಂಡಿ ತೋಡಿ, ಜಾಯಿಂಟ್ ವೆಲ್ಡನ್ನು ಸ್ಲ್ಯಾಬ್‌ನ ಅಡಿಮಟ್ಟಕ್ಕಿಂತ ಕೆಳಕ್ಕೆ ಒಯ್ಯಿರಿ. ಪೈಲ್‌ನ ಆಕಾರಕ್ಕೆ ಕತ್ತರಿಸಿದ ಕಬ್ಬಿಣದ ಪಟ್ಟಿಯನ್ನು ಸ್ಲ್ಯಾಬ್ ದಪ್ಪದ ಮಧ್ಯಕ್ಕೆ ಬರುವಂತೆ ಸುತ್ತಲೂ ಅಡ್ಡಕ್ಕೆ ಬೆಸೆದರೆ ನೀರಿನ ದಾರಿ ಕಡಿಯುತ್ತದೆ. ಉಬ್ಬುವ ಪಟ್ಟಿಯನ್ನು ಅದರ ಜೊತೆಗೆ ಹಾಕಿ, ಅದರ ಬದಲಿಗೆ ಅಲ್ಲ.

ಪೈಲಿಂಗ್ ಫೋರ್‌ಮನ್

ಮೊದಲು ಕೇಳಿದವರಿಗೆ: ಕೀಳುವಾಗ ಒಳಗೆ ನೀರು ಬಿಟ್ಟು ಮಟ್ಟ ಸಮ ಮಾಡಿಕೊಂಡೇ ಸ್ಟ್ರಟ್ ಬಿಚ್ಚಿ. ಬಿಟುಮೆನ್ ಹಾಕಿದ ಪೈಲ್ ಶುರುವಿಗೆ ಅಂಟಿಕೊಂಡಿರುತ್ತದೆ. ಕ್ರೇನ್‌ನಲ್ಲಿ ಎಳೆಯುವ ಮೊದಲು ವೈಬ್ರೋ ಸ್ವಲ್ಪ ಹೊತ್ತು ಓಡಿಸಿ ಸಡಿಲ ಮಾಡಿ. ಇಂಟರ್‌ಲಾಕ್‌ನಲ್ಲಿ ಉಳಿದ ಬಿಟುಮೆನ್ ಕೆರೆದು ತೆಗೆದೇ ವಾಪಸ್ ಕೊಡಿ, ಗ್ಯಾಸ್ ಕಟರ್‌ನಲ್ಲಿ ಸುಡಬೇಡಿ, ಕೊಕ್ಕೆ ಸೊಟ್ಟಗಾಗುತ್ತದೆ.